ಹೇಳಂಗಿಲ್ಲದ ಬಳೆ

ಶಿವಲೀಲಾಳ ಬಳೆ ಮಾತಾಡುವ ಹೊತ್ತಿಗೆ ಮನೆಯ ಕೆಲಸವೆಲ್ಲ ನಿಂತುಬಿಡುತ್ತಿತ್ತು. ಅತ್ತೆ ದ್ಯಾಮವ್ವ ಕಸಬರಿಗೆಯನ್ನು ಗೋಡೆಗೆ ಆನಿಸಿ, ಕಿವಿಯ ಮೇಲಿನ ಸೆರಗು ಸರಿಸಿಕೊಳ್ಳುತ್ತಿದ್ದಳು. ಶಿವಲೀಲಾಳ ಗಂಡ ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಹಿತ್ತಲಿನಿಂದ ಓಡಿ ಬರುತ್ತಿದ್ದ. ನಾಲ್ಕು ವರ್ಷದ ಅಮೃತಾ, ಹೆತ್ತವಳು ಹಿರಿಯ ಸೊಸೆ ಗುತ್ತೆವ್ವನಾದರೂ, ಚಿಗವ್ವನ ತೊಡೆಯೇರಿ ಬಳೆಗೆ ಕಿವಿ ಹಚ್ಚುತ್ತಿದ್ದಳು.

“ನಮಸ್ಕಾರ, ಶಿವಲೀಲಾ,” ಎನ್ನುತ್ತಿತ್ತು ಬಳೆ. ರೇಡಿಯೋದಲ್ಲಿ ವಾರ್ತೆ ಓದುವ ಹೆಂಗಸಿನಂಥ ತಣ್ಣನೆಯ ದನಿ. “ನಿಮ್ಮ ಉಸಿರು ಇಂದು ತಿಳಿಯಾಗಿದೆ. ಗೋದಾಮಿನಲ್ಲಿ ಘಾಟು ಹೆಚ್ಚಿದೆ. ಕಿಟಕಿಯ ಬಳಿ ಕುಳಿತುಕೊಳ್ಳಿ.”

ಒಲೆಯ ಮುಂದಿದ್ದ ಗುತ್ತೆವ್ವ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಿರಲಿಲ್ಲ. ಆ ಹೊತ್ತಿಗೆ ಸದ್ದು ಇನ್ನಷ್ಟು ಜೋರಾಗುತ್ತಿತ್ತು.

“ಯಕ್ಕಾ, ಒಂಚೂರು ನಿಲ್ಲಸ. ಕೇಳಸವಲ್ದು,” ಎಂದು ಶಿವಲೀಲಾ ಒಂದು ದಿನ ನಗುತ್ತಲೇ ಕೂಗಿದಳು.

“ಹಂಚು ಕಾದೈತಿ. ನಿನ್ನ ಬಳಿಗೇನು, ನಾಳೆನೂ ಬಾಯಿ ಇರತೈತಿ.”

“ಕೇಳಿದ್ರೇನತ್ತಿ, ಯಕ್ಕಗ ನನ್ನ ಬಳಿ ಮ್ಯಾಲೆ ಸಿಟ್ಟು!”

ದ್ಯಾಮವ್ವ ನಕ್ಕಳು. ಎಲ್ಲರೂ ನಕ್ಕರು. ಗುತ್ತೆವ್ವನೂ ನಕ್ಕಳು, ಆದರೆ ಹಂಚಿನ ಮೇಲಿನ ರೊಟ್ಟಿಯ ಒಂದು ಮಗ್ಗುಲು ಕರಿಕಾಯಿತು. ಅದನ್ನು ಅವಳು ತನ್ನ ತಾಟಿಗೇ ಹಾಕಿಕೊಂಡಳು. ಅವಳ ಬಲಗೈಯಲ್ಲೂ ಅಂಥದೇ ಬಳೆ ಇತ್ತು. ಅದೇ ಬಣ್ಣ, ಅದೇ ಕೊಕ್ಕೆ. ಅದು ಕೈಗೆ ಬಂದಂದಿನಿಂದ ಒಂದು ಮಾತೂ ಆಡಿರಲಿಲ್ಲ.

ಆ ಕಾಲಕ್ಕೆ ಬಹಳಷ್ಟು ಕೈಕೆಲಸಗಳು ಯಂತ್ರಗಳ ಪಾಲಾಗಿದ್ದವು. ಸಂತೆಗೆ ಹೋಗುವ ಟಂಟಂ ಕೂಡ ಡ್ರೈವರಿಲ್ಲದೆ ಓಡುತ್ತಿತ್ತು. ಆದರೆ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವುದು ಮಾತ್ರ ಹೆಂಗಸರ ಬೆರಳಿಗೇ ಉಳಿದಿತ್ತು. ಯಂತ್ರ ತೊಟ್ಟು ಹಿಡಿದರೆ ಕಾಯಿ ಒಡೆದು ಬೀಜ ಚೆಲ್ಲುತ್ತಿತ್ತು. ಬೀಜ ಚೆಲ್ಲಿದ ಕಾಯನ್ನು ಪೇಟೆಯಲ್ಲಿ ಯಾರೂ ಮೂಸುತ್ತಿರಲಿಲ್ಲ. ಹಾಗಾಗಿ ಸುಗ್ಗಿಯ ತಿಂಗಳುಗಳಲ್ಲಿ ಪೇಟೆಯ ಹೆಂಗಸರೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗೋದಾಮಿನ ಕೆಂಪು ಗುಡ್ಡೆಗಳ ಸುತ್ತ ಕೂರುತ್ತಿದ್ದರು. ಅಲ್ಲಿ ಕೆಮ್ಮು ಯಾರಿಗೂ ರೋಗವೆನ್ನಿಸುತ್ತಿರಲಿಲ್ಲ.

“ಕೆಮ್ಮಂದ್ರ ನಮಗ ಮಾತಾಡಿದಂಗ,” ಎನ್ನುತ್ತಿದ್ದಳು ಗುತ್ತೆವ್ವನ ಪಕ್ಕ ಕೂರುವ ಮುದುಕಿ ಗಾಳೆವ್ವ. “ಒಬ್ಬಾಕಿ ಕೆಮ್ಮಿದ್ರ ಇನ್ನೊಬ್ಬಾಕಿ ಹ್ಞೂಂ ಅಂತಾಳ.”

ಉಸಿರು ಕೇಂದ್ರದವರು ಬಂದದ್ದು ಈ ಕೆಮ್ಮಿಗಾಗಿಯೇ. ಮನುಷ್ಯ ಉಸಿರೆಳೆದಾಗ ನಾಡಿ ಸ್ವಲ್ಪ ಕುಗ್ಗುತ್ತದೆ, ಬಿಟ್ಟಾಗ ಹಿಗ್ಗುತ್ತದೆ. ಎದೆಯೊಳಗಿನ ಸಣ್ಣ ಕೊಳವೆಗಳು ಕಟ್ಟಿಕೊಳ್ಳತೊಡಗಿದರೆ ಆ ಹಿಗ್ಗು ಕುಗ್ಗಿನ ಲಯ ತಪ್ಪುತ್ತದೆ. ಅವರ ಬಳೆ ಮಣಿಕಟ್ಟಿನ ಮೇಲೆ ಕೂತು ಆ ಲಯ ಕೇಳುತ್ತಿತ್ತು. ವೈದ್ಯರ ಕಿವಿಗೆ ಸಿಗುವುದಕ್ಕೆ ಎಷ್ಟೋ ಮೊದಲೇ ಬಳೆಗೆ ರೋಗ ಸಿಗುತ್ತಿತ್ತು. ಆಗಲೇ ಔಷಧಿ ಹಿಡಿದರೆ ಎದೆ ಉಳಿಯುತ್ತದೆ, ತಡವಾದರೆ ಹೋದ ಭಾಗ ಹೋದಂತೆಯೇ.

ಬಳೆಗಳಲ್ಲಿ ಎರಡು ಜಾತಿ. ಅರ್ಧ ಹೆಂಗಸರಿಗೆ ಮಾತಾಡುವವು, ಅರ್ಧ ಹೆಂಗಸರಿಗೆ ಮೂಕ. ಯಾರಿಗೆ ಯಾವುದೆಂದು ಕಂಪ್ಯೂಟರ್ ಆರಿಸಿತು. ಓದು ಬಾರದವರೂ ಗುರುತು ಹಿಡಿಯಲೆಂದು ಒಳಮೈಯಲ್ಲಿ ಒಂದೊಂದು ಚಿತ್ರ ಕೊರೆದಿದ್ದರು. ಶಿವಲೀಲಾಳಿಗೆ ನವಿಲು ಬಂತು. ಗುತ್ತೆವ್ವನಿಗೆ ಆಮೆ.

ಹಂಚುವ ದಿನ ಯಾರೋ ಕೇಳಿದರು, ಈ ಮೂಕ ಬಳೆ ಯಾಕೆ ಎಂದು. ಕೇಂದ್ರದ ಹಿರಿಯ ಡಾಕ್ಟರ್ ಶ್ರೀಕರ ಮೈಸೂರಿನ ಕಡೆಯವರು, ಒಳ್ಳೆಯ ಮನುಷ್ಯ. ಹೆಂಗಸರಿಗೆ ಸಲೀಸಾಗಲೆಂದು ಅವರದೇ ಮಾತಿನಲ್ಲಿ ಹೇಳಲು ಹೋದರು. “ಈ ಬಳೆಯವರಿಗೆ ನಾವು ಏನೂ ಹೇಳಂಗಿಲ್ಲ ನೋಡ್ರಿ,” ಎಂದರು. ಮೂಕ ಬಳೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿ ಹಗುರಾದರು. ಹೇಳುವಂಥದ್ದು ಏನೂ ಇಲ್ಲ. ಅಂದರೆ ತಮಗೆ ಏನೂ ಆಗಿಲ್ಲ.

“ನಾವು ಗಟ್ಟಿ ಅದೀವಿ ಅಂತಾತಲ್ಲ!” ಎಂದು ಗಾಳೆವ್ವ ತೋಳು ತಟ್ಟಿಕೊಂಡಿದ್ದಳು. ಅಂದಿನಿಂದ ಗೋದಾಮಿನಲ್ಲಿ ಮೂಕ ಬಳೆಯವರಿಗೆ ‘ಹೇಳಂಗಿಲ್ಲದವ್ರು’ ಎಂದೇ ಹೆಸರಾಯಿತು.

ಗುತ್ತೆವ್ವನಿಗೆ ಮಾತ್ರ ಗಟ್ಟಿ ಇರುವುದರಿಂದ ಯಾವ ಸುಖವೂ ಸಿಗಲಿಲ್ಲ. ಅವಳು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ನಾಲ್ಕು ಮಂದಿಯ ಮುಂದೆ ಬಾಯಿ ಬಿಡಲು ನಾಚುವವಳು. ಆಡದ ಮಾತಿಗೆ ಬದಲಾಗಿ ನೋಡುವುದನ್ನು ಕಲಿತವಳು. ಅವಳು ಎಲ್ಲವನ್ನೂ ನೋಡಿದಳು. ಗುಮಾಸ್ತ ಕಿಟಕಿಯ ಪಕ್ಕದ ಜಾಗ ಮಾತಿನ ಬಳೆಯವರಿಗೆ ಬಿಡಿಸಿಕೊಟ್ಟ. ಕಿಟಕಿ ಇದ್ದದ್ದು ಕೆಲವೇ. ಮೊದಲು ಅಲ್ಲಿ ಕೂರುತ್ತಿದ್ದ ಗುತ್ತೆವ್ವ, ಗಾಳೆವ್ವ ಮತ್ತಿತರರು ಒಳಗೊಳಗೆ, ಗೋಡೆಯ ಕತ್ತಲೆಗೆ ಸರಿದರು. ಮಾತಿನ ಬಳೆ ರೋಗವಿದೆಯೆಂದು ಹೇಳಿದವರಿಗೆ ಪುಕ್ಕಟೆ ಔಷಧಿ, ಹಾಲಿನ ಪುಡಿ. ಇದೆಲ್ಲಕ್ಕಿಂತ ಹೆಚ್ಚಾಗಿ ಅವಳನ್ನು ತಿಂದದ್ದು ಆ ಹೆಸರು. ದಿನ ಬೆಳಗಾದರೆ ಒಂದು ದನಿ ಶಿವಲೀಲಾಳ ಹೆಸರು ಹಿಡಿದು ಕರೆದು, ನೀನು ಹೇಗಿದ್ದೀ ಎಂದು ಹೇಳುತ್ತಿತ್ತು. ಗುತ್ತೆವ್ವನನ್ನು ಆ ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಗಂಡನಿಗೆ ಅವಳು ‘ಏ’, ಅತ್ತೆಗೆ ‘ಹಿರೇಸೊಸಿ’.

ಹದಿನೈದು ದಿನಕ್ಕೊಮ್ಮೆ ಬಳೆ ತೋರಿಸಿ ಒರೆಸಿಕೊಂಡು ಬರಲು ಕೇಂದ್ರಕ್ಕೆ ಹೋಗಬೇಕಿತ್ತು. ಅಲ್ಲಿ ಪ್ರಣೀತಾ ಎಂಬ ಹುಡುಗಿ ಇದ್ದಳು. ಬಳೆಗಳು ಕಳಿಸುವ ಸುದ್ದಿಯನ್ನು ನೋಡಿಕೊಳ್ಳುವುದು ಅವಳ ಕೆಲಸ. ಅವಳ ಹಿಂದೆ ನೀಲಿ ಪರದೆ ಎಳೆದ ಒಂದು ಕೋಣೆ. “ನವಿಲು ಬಂದ್ರಾ! ಹೊಟ್ಟೆಯಲ್ಲಿರೋ ಪಾಪು ಹೇಗಿದೆ?” ಎಂದು ಶಿವಲೀಲಾಳ ಜೊತೆ ನಗುತ್ತಿದ್ದವಳು, ಗುತ್ತೆವ್ವನ ಬಳೆ ಕೈಗೆ ತೆಗೆದುಕೊಂಡಾಗ ತಲೆ ತಗ್ಗಿಸಿಬಿಡುತ್ತಿದ್ದಳು. “ಆಮೆ... ಕೂತ್ಕೊಳ್ಳಿ. ಟೀ ಕುಡೀತೀರಾ?” ಎಂದು ಮೆಲ್ಲಗೆ ಕೇಳುತ್ತಿದ್ದಳು. ಬೇರೆ ಯಾರಿಗೂ ಕೊಡದ ಕುರ್ಚಿಯನ್ನು ಅವಳಿಗೆ ಕೊಡುತ್ತಿದ್ದಳು. ಮುಖ ಮಾತ್ರ ನೋಡುತ್ತಿರಲಿಲ್ಲ.

ನನ್ನ ಮಾರಿ ನೋಡುವಂಗೂ ಇಲ್ಲೇನು ಇಕಿಗೆ, ಎಂದುಕೊಳ್ಳುತ್ತಿದ್ದಳು ಗುತ್ತೆವ್ವ. ಆ ಟೀಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು.

ಶಿವಲೀಲಾಳಿಗೆ ಏಳು ತಿಂಗಳು ತುಂಬಿದಾಗ ತವರಿನವರು ಸೀಮಂತದ ಕುಬುಸ ತಂದರು. ಹಸಿರು ಸೀರೆ, ಹೋಳಿಗೆ, ಐದು ಬಗೆಯ ಅನ್ನ. ಬಳೆಗಾರ ರಾಜೇಸಾಬ ನಡುಮನೆಯಲ್ಲಿ ಬಳೆಯ ಮಲಾರ ಬಿಚ್ಚಿ ಕೂತ. ಬಸುರಿಗೆ ಹಸಿರು ಗಾಜಿನ ಬಳೆ ತೊಡಿಸುವಾಗ ಜೊತೆಗೆ ಬಂದ ಮುತ್ತೈದೆಯರಿಗೂ ತೊಡಿಸುವುದು ವಾಡಿಕೆ.

“ಯಂತ್ರದ ಬಳಿ ಕಡೀಕ ತಗೀರವ್ವಾ,” ಎಂದ ರಾಜೇಸಾಬ. “ನನ್ನ ಗಾಜಿನ ಜೋಡಿ ಅದು ಗುದ್ದಾಡತೈತಿ. ಒಡದ್ರ ನನ್ನ ಕೈಗುಣ ಅಂತೀರಿ.”

ದ್ಯಾಮವ್ವ ಹಿತ್ತಾಳೆಯ ತಾಟಿನಲ್ಲಿ ಅಕ್ಕಿ ಹರವಿ ಗುತ್ತೆವ್ವನ ಕೈಗೆ ಕೊಟ್ಟಳು. ಎಲ್ಲರ ಬಳೆಯೂ ಆ ಅಕ್ಕಿಯ ಮೇಲೆ ಬಿದ್ದವು. ನವಿಲು, ಆಮೆ, ನೆರೆಯವರ ಕಮಲ, ಬಾತುಕೋಳಿ. ಗುತ್ತೆವ್ವ ತಾಟು ಹಿಡಿದು ನಿಂತಳು. ಶಿವಲೀಲಾ ಕೈ ಮುಂದೆ ಚಾಚಿ, “ಸಾಬಣ್ಣ, ಹಗೂರ! ಕೈ ಬಾತೈತಿ,” ಎಂದು ಚೀರುತ್ತ, ನಗುತ್ತ, ಇದ್ದಕ್ಕಿದ್ದಂತೆ ಗುತ್ತೆವ್ವನ ಅಂಗೈ ಎಳೆದು ಹೊಟ್ಟೆಯ ಮೇಲೆ ಒತ್ತಿಕೊಂಡಳು. “ಇಲ್ನೋಡ ಯಕ್ಕಾ, ಹೆಂಗ ಒದೀತೈತಿ!”

ಒಳಗಿನಿಂದ ಒಂದು ಸಣ್ಣ ಹಿಮ್ಮಡಿ ಗುತ್ತೆವ್ವನ ಅಂಗೈಗೆ ತಾಕಿತು.

ಹಾಡು ಶುರುವಾಯಿತು, ಆರತಿ ಆಯಿತು. ಯಂತ್ರದ ಬಳೆಗಳನ್ನು ಮತ್ತೆ ಹಾಕುವ ಕೆಲಸ ತಾಟು ಹಿಡಿದವಳಿಗೇ ಬಂತು. ಗುತ್ತೆವ್ವ ಆಮೆಯನ್ನು ಎತ್ತಿ ಶಿವಲೀಲಾಳ ಕೈಗೆ ಹಾಕಿದಳು, ಹತ್ತಾರು ಗಾಜಿನ ಬಳೆಗಳ ನಡುವೆ. ನವಿಲನ್ನು ತನ್ನ ಕೈಗೆ. ಕೊಕ್ಕೆ ಕೂತ ಸಣ್ಣ ಸದ್ದು ಅವಳಿಗೊಬ್ಬಳಿಗೇ ಕೇಳಿತು. ಶಿವಲೀಲಾ ಸಂಜೆಯೇ ತವರಿಗೆ ಹೊರಟಳು. ಅವಳ ತವರು ಹೊಳೆಯಾಚೆಯ ಹಳ್ಳಿ. ಪೇಟೆಯ ಮೊಬೈಲ್ ಗೋಪುರದ ಅಲೆ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಅಲ್ಲಿ ಮಾತಿನ ಬಳೆಯೂ ಮೂಕವೇ. ಹೆರಿಗೆಯಾಗಿ ತಿರುಗಿ ಬರುವತನಕ ಅವಳಿಗೆ ಸಂಶಯ ಬರುವಂತಿರಲಿಲ್ಲ. ಬಂದ ಮೇಲೆ ಬಳೆಗಾರನ ಗದ್ದಲದಲ್ಲಿ ಅದಲುಬದಲಾಯಿತೆಂದರೆ ಮುಗಿಯಿತು. ಗುತ್ತೆವ್ವ ಇದಿಷ್ಟನ್ನೂ ತಾಟು ಹಿಡಿದು ನಿಂತಾಗಲೇ ಲೆಕ್ಕ ಹಾಕಿದ್ದಳು.

ಮರುದಿನ ಬೆಳಿಗ್ಗೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಮಣಿಕಟ್ಟನ್ನು ಕಿವಿಗೆ ಒತ್ತಿಕೊಂಡು, ಸೆರಗು ಮುಚ್ಚಿಕೊಂಡಳು. ಮದುವೆಯಾದ ಹೊಸತರಲ್ಲೂ ಎದೆ ಹೀಗೆ ಹೊಡೆದುಕೊಂಡಿರಲಿಲ್ಲ.

“ನಮಸ್ಕಾರ, ಶಿವಲೀಲಾ.”

ಇದನ್ನು ಅವಳು ಲೆಕ್ಕ ಹಾಕಿರಲಿಲ್ಲ. ದನಿ ಕದ್ದದ್ದಾಗಿತ್ತು, ಅದರ ಬಾಯಲ್ಲಿ ಇನ್ನೂ ಅವಳ ಹೆಸರೇ.

“ನಿಮ್ಮ ಉಸಿರಿನ ಲಯ ತೀರ ಕೆಟ್ಟಿದೆ. ದಯವಿಟ್ಟು ಇಂದೇ ಕೇಂದ್ರಕ್ಕೆ ಬನ್ನಿ.”

ಗುತ್ತೆವ್ವ ಕೈಯನ್ನು ಬೆಂಕಿ ತಾಗಿದವಳಂತೆ ಕೆಳಗಿಳಿಸಿದಳು. ಕಳ್ಳಿಯನ್ನು ಗುರುತು ಹಿಡಿಯಿತು, ಎಂದುಕೊಂಡಳು. ಒಡತಿಗೆ ತಿಳಿಯಾದ ಮಾತು, ಕದ್ದವಳಿಗೆ ಬೈಗುಳ. ಬಳೆಗೂ ಶಿವಲೀಲಾಳೇ ಬೇಕು. ಮರುದಿನವೂ ಅದೇ ಮಾತು. ಅದರ ಮರುದಿನ ಅವಳು ಬಳೆಯ ಮೇಲೆ ಒದ್ದೆ ಬಟ್ಟೆ ಸುತ್ತಿ, ಕೇಳಲೇ ಇಲ್ಲ.

ಆ ಹೊತ್ತಿಗೇ ಒಳಗೆ ದ್ಯಾಮವ್ವನ ಫೋನು ಬಡಿದುಕೊಂಡಿತು. ಅದೇ ತಣ್ಣನೆಯ ದನಿ.

“ಶಿವಲೀಲಾ ಅವರ ಮನೆಯವರೇ? ಅವರ ಉಸಿರು ಅಪಾಯದ ಹಂತದಲ್ಲಿದೆ. ಅವರನ್ನು ಕೂಡಲೇ ಕರೆತನ್ನಿ.”

“ಯವ್ವಾ! ಆಕಿ ತವರಿಗೆ ಹೋಗ್ಯಾಳಲ್ಲವಾ. ಹೋಗೂವಾಗ ಚಂದಿದ್ದಳು,” ಎಂದಳು ದ್ಯಾಮವ್ವ. ಯಂತ್ರದ ಜೊತೆ ಮಾತಾಡುತ್ತಿದ್ದೇನೆಂಬುದು ಅವಳಿಗೆ ಗೊತ್ತಾಗಲಿಲ್ಲ.

“ಕೂಡಲೇ ಕರೆತನ್ನಿ. ಬಂದ ತಕ್ಷಣ ಚುಚ್ಚುಮದ್ದು ಆರಂಭಿಸಲಾಗುವುದು.”

“ಹೊಟ್ಯಾಗ ಕೂಸೈತಿ! ಕೂಸಿಗೇನರ ಆದ್ರ?”

“ಈ ಔಷಧಿಯಿಂದ ಮಗುವಿಗೆ ತೊಂದರೆಯಾಗಬಹುದು. ತಾಯಿಯ ಜೀವ ಮೊದಲು.”

ದ್ಯಾಮವ್ವ ಅಲ್ಲೇ ನೆಲಕ್ಕೆ ಕುಸಿದು ಎದೆ ಬಡಿದುಕೊಂಡಳು. ಶಿವಲೀಲಾಳ ಗಂಡ ಅಂಗಿಯನ್ನೂ ಹಾಕಿಕೊಳ್ಳದೆ ಬಾಗಿಲಿಗೆ ಓಡಿದ, ಮತ್ತೆ ಅಂಗಿಗಾಗಿ ತಿರುಗಿ ಬಂದ, ಹೊಳೆಯಾಚೆಗೆ ಗಾಡಿ ತೆಗೆದುಕೊಂಡು ಹೋದ. ಗುತ್ತೆವ್ವನ ಗಂಡ ಕೂಡ, ಎಂದೂ ಯಾವುದಕ್ಕೂ ಏಳದವನು, ಎದ್ದು ನಿಂತ.

ಹಿತ್ತಲಬಾಗಿಲ ಚೌಕಟ್ಟು ಹಿಡಿದು ಗುತ್ತೆವ್ವ ಎಲ್ಲವನ್ನೂ ನೋಡುತ್ತಿದ್ದಳು. ನೋಡುತ್ತಿದ್ದಂತೆ ತಿಳಿಯಿತು. ಶಿವಲೀಲಾ ಹೊಳೆಯಾಚೆ ಇದ್ದಾಳೆ. ನವಿಲು ಕೇಳಿದ್ದು ಈ ಎದೆಯ ಉಸಿರನ್ನು. ಈ ಕೆಮ್ಮು, ಮೆಟ್ಟಿಲು ಹತ್ತಿದರೆ ಕಣ್ಣಿಗೆ ಕವಿಯುವ ಕತ್ತಲೆ, ಇದಕ್ಕೊಂದು ಹೆಸರಿತ್ತು. ರೋಗ ತನ್ನದು. ಅಳು ಮಾತ್ರ ಅವಳಿಗೆ.

ಹೆದರಿಕೆಗೂ ಮೊದಲು ಬಂದದ್ದು ಹೊಟ್ಟೆಕಿಚ್ಚೇ. ಇಷ್ಟು ಮಂದಿ ಎದ್ದು ಓಡುವ ರೋಗ ತನಗೆ ಬಂದಿದೆ, ಅದನ್ನೂ ಅವಳೇ ಉಟ್ಟುಕೊಂಡು ಮೆರೆಯುತ್ತಿದ್ದಾಳೆ. ಚುಚ್ಚಲಿ, ಎಂದಿತು ಮನಸ್ಸು. ಒಂದು ಸಲ ಅವಳಿಗೂ ನೋವು ಗೊತ್ತಾಗಲಿ. ಆ ಮಾತು ಮನಸ್ಸಿನಲ್ಲಿ ಆಡಿ ಮುಗಿಯುವ ಮೊದಲೇ ಅಂಗೈಯಲ್ಲಿ ಆ ಸಣ್ಣ ಹಿಮ್ಮಡಿ ಮತ್ತೆ ಒದ್ದಂತಾಯಿತು. ಗುತ್ತೆವ್ವ ಚಪ್ಪಲಿ ಮೆಟ್ಟಿದಳು.

“ನೀ ಎತ್ತ ಹೊಂಟಿ? ಮನ್ಯಾಗ ಇಷ್ಟು ದೊಡ್ಡದು ಬಂದೈತಿ!” ಎಂದು ದ್ಯಾಮವ್ವ ಕೂಗಿದಳು. ಅವಳು ಆಗಲೇ ಅಂಗಳ ದಾಟಿದ್ದಳು. ದಾರಿಯಲ್ಲಿ ಎರಡು ಕಡೆ ನಿಂತು ದಮ್ಮು ತೆಗೆದುಕೊಳ್ಳಬೇಕಾಯಿತು. ಈಗ ಅದು ಬರೀ ದಮ್ಮಾಗಿ ಉಳಿದಿರಲಿಲ್ಲ.

ಕೇಂದ್ರದಲ್ಲಿ ಪ್ರಣೀತಾ ಒಬ್ಬಳೇ ಚುಚ್ಚುಮದ್ದಿನ ಸಾಮಾನು ಜೋಡಿಸುತ್ತಿದ್ದಳು. ಗುತ್ತೆವ್ವ ಬಲಗೈ ಚಾಚಿ, ಕೊಕ್ಕೆ ಬಿಚ್ಚಿ, ಬಳೆಯ ಒಳಮೈ ತಿರುಗಿಸಿ ಮೇಜಿನ ಮೇಲಿಟ್ಟಳು. ನವಿಲು.

“ಕದ್ದೀನಿ,” ಎಂದಳು. “ಕುಬುಸದಾಗ. ನಂದು ಆಕಿ ಕೈಯಾಗೈತಿ. ಆಕಿಗೆ ಚುಚ್ಚಬ್ಯಾಡ್ರಿ. ಉಸಿರು ನಂದು.”

ಪ್ರಣೀತಾ ನವಿಲನ್ನು ನೋಡಿದಳು. ಆಮೇಲೆ ಮೊದಲ ಸಲ ಗುತ್ತೆವ್ವನ ಮುಖ ನೋಡಿದಳು. ಅವಳ ಕಣ್ಣು ತುಂಬಿದ್ದವು. ಅದು ಬೆರಗಿನ ನೋಟವಾಗಿರಲಿಲ್ಲ. ನೋಡುವುದನ್ನೇ ಕಲಿತವಳಿಗೆ ಅಷ್ಟು ಸಾಕಾಯಿತು.

“ನಿನಗ ಗೊತ್ತಿತ್ತು,” ಎಂದಳು ಗುತ್ತೆವ್ವ.

“ಅಕ್ಕಾ...”

“ಆಮಿ ಮೂಕ ಅಲ್ಲ. ನನಗ ಅಷ್ಟ ಮೂಕ. ನಿನ್ನ ಕೂಡ ಮಾತಾಡತಿತ್ತು ಹೌದಿಲ್ಲೊ?”

ಪ್ರಣೀತಾ ಎದ್ದು ನೀಲಿ ಪರದೆ ಸರಿಸಿದಳು. ಒಳಗಿನ ಗೋಡೆಯ ತುಂಬ ಚಿತ್ರಗಳು, ಒಂದೊಂದು ಚಿತ್ರದ ಕೆಳಗೆ ಒಂದೊಂದು ದೀಪ. ಮೇಲಿನ ಸಾಲುಗಳು ಮಾತಿನ ಬಳೆಯವು, ಹೆಚ್ಚಿನವೆಲ್ಲ ಹಸಿರು. ನವಿಲಿನ ದೀಪವೊಂದು ಕೆಂಪಾಗಿ ಮಿಣುಕುತ್ತಿತ್ತು. ಕೆಳಗಿನ ಸಾಲುಗಳು ಮೂಕ ಬಳೆಯವು. ಅಲ್ಲಿ ಹಸಿರು ಕಡಿಮೆ ಇತ್ತು. ಆಮೆಯ ದೀಪ ಆರಿತ್ತು, ಅಲೆ ಮುಟ್ಟದ ಊರಿನಲ್ಲಿದೆಯಲ್ಲ. ಪ್ರಣೀತಾ ಅದನ್ನು ಬೆರಳಿನಿಂದ ಮುಟ್ಟಿದಾಗ ಹಿಂದಿನ ದಿನಗಳ ಬಣ್ಣ ಒಂದು ಪಟ್ಟಿಯಂತೆ ಬಿಚ್ಚಿಕೊಂಡಿತು. ಹಸಿರು, ಹಳದಿ, ಆಮೇಲೆ ಕೆಂಪು. ಕೆಂಪು ಬಹಳ ಉದ್ದವಿತ್ತು.

“ಎಂದಿನಿಂದ?”

“ದಸರೆಯಿಂದ.”

ಹೊರಗೆ ಶಿವರಾತ್ರಿಯ ಬಿಸಿಲು ಹೊಡೆಯುತ್ತಿತ್ತು. ದಸರೆಯಿಂದ ಈ ಹುಡುಗಿ ತನ್ನ ಎದೆಯ ಸುದ್ದಿ ಓದುತ್ತ, ತನಗೆ ಟೀ ಕೊಡುತ್ತ ಬಂದಿದ್ದಳು. ಶಿವಲೀಲಾಳ ಮೇಲೆ ಪಟ್ಟ ಹೊಟ್ಟೆಕಿಚ್ಚೆಲ್ಲ ಗುತ್ತೆವ್ವನಿಗೆ ಆ ಕ್ಷಣ ಮಕ್ಕಳಾಟವೆನ್ನಿಸಿತು. ತನ್ನ ಉಸಿರು ತನ್ನನ್ನು ಬಿಟ್ಟು ಇವಳ ಹತ್ತಿರ ಬಂದು ಕಷ್ಟಸುಖ ಹೇಳಿಕೊಂಡಿತ್ತು. ಗಂಡ ಇನ್ನೊಬ್ಬಳ ಮನೆಗೆ ಹೋಗುತ್ತಾನೆಂದು ತಿಳಿದ ಹೆಂಗಸಿನ ಹಾಗೆ ಅವಳ ಮೈ ಉರಿಯಿತು.

ಅಷ್ಟರಲ್ಲಿ ಡಾಕ್ಟರ್ ಶ್ರೀಕರ ಬಂದರು. ಪ್ರಣೀತಾ ಎರಡು ಮಾತಿನಲ್ಲಿ ಹೇಳಿದ್ದನ್ನು ಕೇಳಿ ಚುಚ್ಚುಮದ್ದನ್ನು ತಾವೇ ಪೆಟ್ಟಿಗೆಗೆ ಹಾಕಿಟ್ಟರು. ಆಮೇಲೆ ಗುತ್ತೆವ್ವನ ಎದುರು ಕುರ್ಚಿ ಎಳೆದುಕೊಂಡು ಕೂತರು.

“ನೋಡಮ್ಮ, ನಿಮಗೆ ಸಿಟ್ಟು ಬಂದಿರುತ್ತೆ. ಆದರೆ ಕೇಳಿ. ಮೂಕ ಬಳೆಯವರಿಗೂ ಹೇಳಿಬಿಟ್ಟರೆ ಅವರೂ ಕಿಟಕಿ ಹತ್ತಿರ ಹೋಗ್ತಾರೆ, ಅವರೂ ಔಷಧಿ ತಗೋತಾರೆ. ಆಗ ಬಳೆ ಮಾತಾಡಿದ್ದರಿಂದ ಉಪಯೋಗ ಆಯ್ತು ಅಂತ ಸಾಬೀತು ಮಾಡೋದು ಹೇಗೆ? ಸಾಬೀತಾಗದೆ ಇದ್ದರೆ ಸರ್ಕಾರ ಎಲ್ಲರಿಗೂ ಬಳೆ ಕೊಡಲ್ಲ. ನಾಳೆ ಸಾವಿರಾರು ಹೆಂಗಸರು ಉಳೀಬೇಕು ಅಂದ್ರೆ ಇವತ್ತು ಕೆಲವರಿಗೆ...”

“ಸಾರ್, ಸಾಬೀತಾಗಿ ಹೋಗಿದೆ,” ಎಂದಳು ಪ್ರಣೀತಾ. “ಗೋಡೆ ನೋಡಿ.”

“ಅದನ್ನ ಸಮಿತಿ ತೀರ್ಮಾನಿಸಬೇಕು. ಯುಗಾದಿ ಕಳೆದ ಮೇಲೆ ಸಭೆ ಇದೆ.” ಅವರು ಮತ್ತೆ ಗುತ್ತೆವ್ವನ ಕಡೆ ತಿರುಗಿದರು. “ನಾನು ಮೋಸ ಮಾಡಲಿಲ್ಲಮ್ಮ. ಮೊದಲ ದಿನವೇ ಎಲ್ಲರ ಎದುರಿಗೆ ಹೇಳಿದ್ದೆ. ಏನೂ ಹೇಳಂಗಿಲ್ಲ ಅಂತ.”

“ಹೇಳಂಗಿಲ್ಲ ಅಂದ್ರ ಹೇಳೂದು ಏನೂ ಇಲ್ಲ ಅಂತ ತಿಳಕೊಂಡ್ವಿ ನಾವು,” ಎಂದಳು ಗುತ್ತೆವ್ವ. “ಗಟ್ಟಿ ಅದೀವಿ ಅಂತ.”

ಡಾಕ್ಟರ್ ಬಾಯಿ ತೆರೆದರು. “ಅಲ್ಲ... ಹೇಳುವ ಹಾಗಿಲ್ಲ. ಹೇಳಕೂಡದು ಅಂತ ನಾನು... ನಿಮ್ಮ ಮಾತಲ್ಲೇ ಹೇಳಿದೆನಲ್ಲ.” ಅವರ ಮುಖ ಇಳಿದುಹೋಗಿತ್ತು. ಆದರೂ ಮಾತು ಬಿಡಲಿಲ್ಲ. “ಆದದ್ದು ಆಯ್ತು. ನಿಮಗೆ ಇವತ್ತೇ ಔಷಧಿ ಶುರು ಮಾಡ್ತೀವಿ. ಉಳಿದವರಿಗೆ ಮಾತ್ರ ಇದನ್ನ ಹೇಳಬೇಡಿ. ಗೋದಾಮಿಗೆ ಗೊತ್ತಾದರೆ ಅಧ್ಯಯನ ಅಲ್ಲಿಗೇ ನಿಲ್ಲುತ್ತೆ. ಎಲ್ಲ ಬಳೆಯನ್ನೂ ವಾಪಸ್ ತಗೋತಾರೆ, ಮಾತಾಡುವುದನ್ನೂ. ನಿಮ್ಮ ಶಿವಲೀಲಾಳದ್ದನ್ನೂ.”

ಅವರು ಬಹಳ ಹೊತ್ತು, ಬಹಳ ಪ್ರೀತಿಯಿಂದ ಹೇಳಿದರು. ಗುತ್ತೆವ್ವ ತಲೆಯಾಡಿಸುತ್ತಿದ್ದಳು. ಅವಳ ಕಣ್ಣು ಅವರ ಹೆಗಲಾಚೆಗೆ, ಗೋಡೆಯ ಕೆಳಗಿನ ಸಾಲುಗಳ ಕೆಂಪು ದೀಪಗಳ ಮೇಲಿತ್ತು. ಶಂಖ. ಚೇಳು. ತೊಟ್ಟಿಲು. ಬಾಳೆಗೊನೆ. ಕುದುರೆ. ಹೂಜಿ. ಚಿತ್ರ ಕಂಡಂತೆ ಮುಖವೂ ಕಾಣುತ್ತಿತ್ತು. ಒಳಗೋಡೆಯ ಕತ್ತಲೆಯಲ್ಲಿ ತನ್ನ ಸುತ್ತ ಕೂರುವ ಮುಖಗಳವು. ಪ್ರಣೀತಾ ಅವಳ ಕಣ್ಣು ಎಲ್ಲಿದೆಯೆಂದು ನೋಡಿದಳು. ಅವಳ ಕೈ ಪರದೆಯ ತನಕ ಹೋಯಿತು, ಅಲ್ಲೇ ನಿಂತಿತು. ಪರದೆ ಎಳೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗಾಡಿ ಬಂತು. ಶಿವಲೀಲಾ ಹೊಟ್ಟೆ ಹಿಡಿದು ಇಳಿದಳು. ಹಿಂದೆ ಅವಳ ಗಂಡ, ಅವಳ ಅಪ್ಪ, ಪೇಟೆಯಲ್ಲಿ ಗಾಡಿ ಹತ್ತಿದ ದ್ಯಾಮವ್ವ. ಗುತ್ತೆವ್ವ ಎಲ್ಲರ ಮುಂದೆ ಮತ್ತೆ ಹೇಳಬೇಕಾಯಿತು. ಈ ಸಲ ಮಾತು ನಡುನಡುವೆ ತುಂಡಾಯಿತು.

“ಮನಿ ಮರ್ಯಾದಿ ತಗದೆಲ್ಲೇ, ಹಾದರಗಿತ್ತಿ!” ಎಂದು ದ್ಯಾಮವ್ವ ಕೈ ಎತ್ತಿದಳು. “ಬಸುರಿ ಹೆಂಗಸಿನ ಕೈಯಾಗಿಂದು...”

“ಅತ್ತೀ, ಬಿಡ್ರಿ,” ಎಂದಳು ಶಿವಲೀಲಾ. ಗಾಜಿನ ಬಳೆಗಳನ್ನು ಸರಿಸಿ, ಯಂತ್ರದ ಬಳೆಯನ್ನು ಎತ್ತಿ ಒಳಮೈಯ ಆಮೆಯನ್ನು ನೋಡಿದಳು. “ಅಯ್ಯ, ಆಮಿ! ಅದಕ್ಕ ತವರಾಗ ಎಲ್ಲಾರೂ, ಎಷ್ಟು ಸಾವಕಾಶ ಆಗೀಯಲ್ಲ ಶಿವಲೀ ಅಂತಿದ್ರು.” ಯಾರೂ ನಗಲಿಲ್ಲ. ಅವಳ ನಗುವೂ ಅರ್ಧಕ್ಕೆ ನಿಂತಿತು. “ಕೇಳಿದ್ರ ಕೊಡತಿದ್ದೆನಲ್ಲ ಯಕ್ಕಾ.”

“ಅದಕ್ಕ ಕೇಳಲಿಲ್ಲ,” ಎಂದಳು ಗುತ್ತೆವ್ವ.

ಶಿವಲೀಲಾಳಿಗೆ ಅರ್ಥವಾಯಿತೋ ಇಲ್ಲವೋ, ಆಮೆಯ ಕೊಕ್ಕೆ ಬಿಚ್ಚಿ ಕೊಟ್ಟಳು. ಪ್ರಣೀತಾ ನವಿಲನ್ನು ಅವಳ ಕೈಗೆ ಹಾಕಿದಳು. ಬಳೆ ಕ್ಷಣಹೊತ್ತು ಆಲಿಸಿ, “ನಮಸ್ಕಾರ, ಶಿವಲೀಲಾ. ನಿಮ್ಮ ಉಸಿರು ತಿಳಿಯಾಗಿದೆ,” ಎಂದಿತು. ದ್ಯಾಮವ್ವ ಗಳಗಳನೆ ಅತ್ತುಬಿಟ್ಟಳು.

ಗುತ್ತೆವ್ವನ ಎದೆಯಲ್ಲಿ ಹಳೆಯ ಮುಳ್ಳು ಮತ್ತೆ ಚುಚ್ಚಿತು. ಆದರೆ ಈಗ ಅದು ಬೇರೆ ಕಡೆ ಚುಚ್ಚುತ್ತಿತ್ತು. ದನಿಯ ಮೇಲಿನ ಆಸೆ, ಹೆಸರಿನ ಆಸೆ ಎಲ್ಲಿ ಹೋದವೋ. ಈಗ ಬೇಕೆನಿಸಿದ್ದು ಆ ತಿಳಿಯಾದ ಉಸಿರು, ಮೆಟ್ಟಿಲು ಹತ್ತಿ ನಗುತ್ತ ಮಾತಾಡುವ ಎದೆ. ಅದನ್ನು ಯಾವ ಗದ್ದಲದಲ್ಲೂ ಅದಲುಬದಲು ಮಾಡುವಂತಿರಲಿಲ್ಲ.

“ನಂದು ತಿರುಗಿ ಬರತೈತೇನು?” ಎಂದು ಪ್ರಣೀತಾಳನ್ನು ಕೇಳಿದಳು.

“ಹೋದದ್ದು ಬರಲ್ಲ ಅಕ್ಕ. ಉಳಿದದ್ದನ್ನ ಉಳಿಸ್ಕೋಬಹುದು.” ಈ ಸಲ ಅವಳು ಕಣ್ಣು ತಗ್ಗಿಸಲಿಲ್ಲ.

ಮರುದಿನ ಬೆಳಿಗ್ಗೆ ಗುತ್ತೆವ್ವ ಗೋದಾಮಿಗೆ ಹೋದಳು. ಎಂದಿನ ಜಾಗಕ್ಕೆ ಹೋಗಿ ಕೂರದೆ ಬಾಗಿಲಲ್ಲೇ ನಿಂತಳು. ಕಿಟಕಿಗಳ ಬಳಿ ಮಾತಿನ ಬಳೆಯವರು ಬಿಸಿಲಿಗೆ ಬೆನ್ನು ಹಾಕಿ ಕೂತಿದ್ದರು. ಇದನ್ನು ಹೇಳಿದರೆ ನಾಳೆ ಇವರೆಲ್ಲರ ಬಳೆಯೂ ಹೋಗುತ್ತದೆ. ನವಿಲೂ ಮೂಕವಾಗುತ್ತದೆ. ಅದು ಆಗಲೆಂಬ ಆಸೆ ತನ್ನಲ್ಲಿಲ್ಲವೇ, ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಇತ್ತು. ರಾತ್ರಿಯಿಡೀ ತೆಗೆದೆಸೆಯಲು ನೋಡಿದ್ದಳು, ಹೋಗಿರಲಿಲ್ಲ. ಅದೂ ಇತ್ತು, ಆಚೆಗೆ ಗೋಡೆಯ ಕತ್ತಲೆಯಲ್ಲಿ ಗಾಳೆವ್ವನ ಕೆಮ್ಮೂ ಇತ್ತು.

ಬಾಯಿ ತೆರೆದರೆ ದನಿ ಬರಲಿಲ್ಲ. ಕೆಮ್ಮು ಬಂತು. ಒಳಗಿನಿಂದ ಯಾರೋ ಅದಕ್ಕೆ ಕೆಮ್ಮಿ ಉತ್ತರ ಕೊಟ್ಟರು. ಹೆಂಗಸರು ನಕ್ಕರು.

“ಯಾಕಲೇ ಹಿರೇಸೊಸಿ, ಪೂಜಾರಿಯಂಗ ಬಾಗಲದಾಗ ನಿಂತೀ?”

“ಶಂಖದಾಕಿ ಎಲ್ಲಿ?” ಎಂದಳು ಗುತ್ತೆವ್ವ. ಅಷ್ಟು ಜೋರಾದ ದನಿ ತನ್ನಲ್ಲಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. “ಎದ್ದು ಬಾ. ಚೇಳಿನಾಕಿ, ನೀನೂ ಬಾ. ತೊಟ್ಟಲು, ಕುದರಿ, ಹೂಜಿ. ಕೈಯಾಗಿನ ಕಾಯಿ ಕೆಳಗ ಹಾಕ್ರಿ.”

ತೊಟ್ಟು ಬಿಡಿಸುವ ಚಟಪಟ ಸದ್ದು ಒಂದು ಮೂಲೆಯಿಂದ ನಿಲ್ಲುತ್ತ ಬಂತು. ಹೆಂಗಸರು ಬಳೆ ಸಡಿಲಿಸಿ ಒಳಮೈಯ ಚಿತ್ರ ನೋಡಿಕೊಳ್ಳತೊಡಗಿದರು. ಗುಮಾಸ್ತ ಎದ್ದು ನಿಂತ. ಕಿಟಕಿಯ ಬಳಿಯ ಒಬ್ಬಳು, ಏನು ಎಂದು ಕೇಳದೆಯೇ, ಜಾಗ ಬಿಟ್ಟು ಸರಿದಳು.

“ಬಾಳೆಗೊನೀ,” ಎಂದು ಕೂಗಿದಳು ಗುತ್ತೆವ್ವ. “ಗಾಳೆವ್ವಾ, ನೀನೂ.”

ಗಾಳೆವ್ವ ಕೂತಲ್ಲಿಂದಲೇ ಕೈ ಬೀಸಿದಳು. “ನಂದೇನೈತಲೇ ತಂಗಿ? ನಂದು ಏನೂ ಹೇಳಂಗಿಲ್ಲ.”

“ಹೇಳಂಗೈತಿ ಬೇ,” ಎಂದಳು ಗುತ್ತೆವ್ವ. ಗುಡ್ಡೆಯ ಪಕ್ಕದಿಂದ ಒಳಗೆ ನಡೆದು, ಮುದುಕಿಯ ರಟ್ಟೆಗೆ ಕೈ ಕೊಟ್ಟಳು. “ಏಳು. ಮೊದಲ ಕಿಟಕಿ ಕಡೀಕ ಬಾ. ಹೇಳತೀನಿ.”